ಖಣಿಯೊಳಗಿನ ಬಾಣಂತಿ

ನಾ ಬಸ್ ಕಂಡಕ್ಟರ್. ನನ್ನ ಬಾಯಿ ಜೋರು ಅಂತ ಮಂದಿ ಅಂತಾರ, ಅನ್ಲಿ. ಇಳಕಲ್ಲಿನಿಂದ ಹುನಗುಂದ, ಬಾಗಲಕೋಟಿ ಮ್ಯಾಲ ಹಾಯ್ದು ಬಾದಾಮಿ ತನಕ ನಿಂತಕೊಂಡ ಹೋಗಿ ನಿಂತಕೊಂಡ ಬರೂ ಹೆಂಗಸಿನ ಬಾಯಿ ಮೆತ್ತಗಿದ್ರ, ಒಳಗ ಸರೀರಿ ಅಂದ್ರ ಯಾರೂ ಸರಿಯೂದಿಲ್ಲ, ಆಧಾರ್ ಕಾರ್ಡ್ ತೋರಸ್ರಿ ಅಂದ್ರ ಕುಂಕುಮದ ಡಬ್ಬಿ ತೋರಸ್ತಾರ. ಆದ್ರ ಇಂಥಾ ಬಾಯಿ ನಮ್ಮ ಮನಿ ಹೊಸ್ತಲಾ ದಾಟಿದ ಕೂಡ್ಲೆ ಬಂದ್ ಆಗಿಬಿಡ್ತೈತಿ. ಯಾಕಂದ್ರ ಒಳಗ ನಮ್ಮತ್ತಿ ಅದಾಳ.

ನಮ್ಮತ್ತಿ ಹಿಡದ ಮೊಲಕ್ಕ ಮೂರ ಕಾಲು. ಲಗ್ನ ಆಗಿ ಬಂದಾಗಿಂದ ಅಕಿ ಒಂದ ಮಾತಿನ್ಯಾಗರ ಸೋತದ್ದು ನಾ ಕಂಡಿಲ್ಲ. ಉಪ್ಪು ಹೆಚ್ಚಾದ್ರ ಬ್ಯಾಳಿದು ತಪ್ಪು, ಹಾಲು ಒಡದ್ರ ಎಮ್ಮಿದು ತಪ್ಪು. ಇವತ್ತು ಮಳಿ ಬರ್ತೈತಿ ಅಂತ ಅಕಿ ಹೇಳಿದ ದಿನ ಬರಲಿಲ್ಲಂದ್ರ, ಬರಾಕ ಹೊಂಟಿತ್ತು, ನಡುವ ಹುನಗುಂದದಾಗ ಸುರದು ಖಾಲಿ ಆಗೈತಿ ಅಂತಿದ್ಲು. ಅಷ್ಟಾದ್ರೂ ಊರಾಗ ಅಕಿಗೆ ಭಾರಿ ಮರ್ಯಾದಿ. ಯಾರ ಮನ್ಯಾಗ ಹಡದ್ರೂ ಬಾಣಂತನಕ್ಕ ಅಕೀನ ಬೇಕು. ಕೂಸನ್ನ ಕಾಲ ಮ್ಯಾಲ ಹಾಕ್ಕೊಂಡು, ಎಣ್ಣಿ ತಿಕ್ಕಿ, ಬಿಸಿನೀರು ಎರದು, ಲೋಬಾನದ ಹೊಗಿ ಕೊಟ್ಟು ತೊಟ್ಲಾಗ ಹಾಕಿದ್ಲಂದ್ರ ಆ ಕೂಸು ಸಂಜಿ ತನಕ ಕಣ್ಣ ತೆಗೀತಿದ್ದಿಲ್ಲ. ನಮ್ಮೂರಿನ ಅರ್ಧ ಮಂದಿ ಅಕಿ ಕಾಲ ಮ್ಯಾಲ ಮಲಗಿ ಚೀರ್ಯಾಡಿದವರ. ಬಾಣಂತಿ ಖೋಲಿ ಬಾಗಲದಾಗ ಅಕಿ ಕುಂತ್ಲಂದ್ರ ಗಂಡಸಿನ ನೆರಳ ಸೈತ ಒಳಗ ಬೀಳಂಗಿಲ್ಲ. ಕೂಸಿನ ಅಪ್ಪ ಬಂದ್ರೂ ಅಷ್ಟ, ಕಟ್ಟಿ ಮ್ಯಾಲ ಕೂಡ್ರಸ್ತಿದ್ಲು.

ನಮ್ಮೂರು ಇಳಕಲ್ಲಿನ ಮಗ್ಗಲಕ ಐತಿ. ಊರ ಹಿಂದ ಒಂದು ಹಳೇ ಖಣಿ. ಕೆಂಪ ಕಲ್ಲು ಚಲೋದಿದ್ದಷ್ಟೂ ಲಾರಿ ಹತ್ತಿ ಹೋಗೈತಿ, ಯಾವ್ಯಾವ ದೇಶದಾಗ ಯಾರ್ಯಾರ ಅಡಗಿಮನಿ ಕಟ್ಟಿ ಆಗೈತೋ ಏನೋ. ಬಿರಕ ಬಿಟ್ಟ ಕಲ್ಲು ಅಷ್ಟ ನಮಗ ಉಳದಾವ. ಎಮ್ಮಿಯಂಥಾ ದಿಮ್ಮಿಗಳನ್ನ ಒಂದರ ಮ್ಯಾಲ ಒಂದು ದಬ್ಬಿ ಹೋಗ್ಯಾರ. ಅವುಗಳ ಬುಡಕ್ಕ ಒಂದು ಸಂದು ಆಗಿ, ಒಳಗ ಗವಿಯಂಗ ಹೋಗೈತಿ. ಖಣಿ ಬಂದ್ ಆಗಿ ಎಷ್ಟೋ ವರ್ಷ ಆತು. ಜಾಲಿ ಬೆಳದು, ಗುಂಡ್ಯಾಗ ನೀರು ನಿಂತು, ಕುರಿ ಕಾಯವರು ಬಿಟ್ರ ಆ ಕಡೆ ಯಾರೂ ಹಾಯ್ತಿದ್ದಿಲ್ಲ.

ಒಂದು ಬ್ಯಾಸಿಗಿ ಕಡೀಕ, ನಮ್ಮತ್ತಿ ಆಡು ಮೇಸಾಕ ಆ ಕಡೆ ಹೋದಾಕಿ ಸೆರಗಿನ ತುಂಬ ಏನೋ ಕಟಗೊಂಡು ಏದುಸಿರು ಬಿಟ್ಕೊಂತ ಬಂದ್ಲು. ದೇವರ ಜಗಲಿ ಮ್ಯಾಲ ಬಿಚ್ಚಿ ಇಟ್ಲು. ಬೆಳ್ಳನ್ನ ಗಟ್ಟಿಗಳು, ನಿಂಬಿಹಣ್ಣಿನಷ್ಟಷ್ಟು, ಒಣಗಿ ಹಗರ ಆಗಿದ್ವು. ಬೆರಳಾಗ ಹಿಚಗಿದ್ರ ನುಣ್ಣಗ ಪುಡಿ ಆಗ್ತಿತ್ತು. ಗವಿ ಮುಂದಿನ ಹಾಸಗಲ್ಲ ಮ್ಯಾಲ ಯಾರೋ ಇಟ್ಟಂಗ ಇದ್ವಂತ. ಗವಿ ಒಳಗಿಂದ ಉಸಿರಾಡೂ ಸಪ್ಪಳ ಕೇಳಿತಂತ. ನಮ್ಮತ್ತಿ ಕಣ್ಣಾಗ ನೀರು. ಕೂಡಲಸಂಗಮಕ್ಕ ಎಷ್ಟ ಸಲ ಹೋಗಿ ಬಂದೇನಿ, ಇಂಥಾ ವಿಭೂತಿ ಎಲ್ಲೂ ಕಂಡಿಲ್ಲ, ಒಳಗ ಯಾರೋ ಅಜ್ಜಾರು ತಪಸ್ಸಿಗೆ ಕುಂತಾರ ಅಂದ್ಲು. ಅಂದಾಕೀನ ಮೊದಲ ತನ್ನ ಹಣೀಗೆ, ಆಮ್ಯಾಲೆ ಮಗನ ಹಣೀಗೆ, ಆಮ್ಯಾಲೆ ನನ್ನ ಹಣೀಗೆ ಮೂರ ಬಟ್ಟ ಎಳದ್ಲು. ಉಳದದ್ದನ್ನ ಎಣ್ಯಾಗ ಕಲಸಿ ಎರಡೂ ಮೊಣಕಾಲಿಗೆ ಬಡದಕೊಂಡ್ಲು.

ಮೊಣಕಾಲು ನೋವು ಹೋತು. ಅದ ವಾರ ನಾ ಇಳಕಲ್ಲಿನ ದವಾಖಾನ್ಯಾಗ ಹೊಸಾ ಗುಳಗಿ ಬರಸ್ಕೊಂಡು ಬಂದಿದ್ದೆ, ಅದನ್ನೂ ನುಂಗಿದ್ಲು. ಆದ್ರ ಗುಳಗಿ ಹೆಸರು ಎತ್ತಿದ್ರ ನನ್ನ ನಾಲಿಗಿಗೆ ಬರಿ ಹಾಕ್ತಿದ್ಲು. ಮರುದಿನ ಓಣಿ ಹೆಂಗಸರು ಬಂದ್ರು, ಅದರ ಮರುದಿನ ಊರ ಬಂತು.

ಇನ್ನ ಸುದ್ದಿ ಹರಡಾಕ ಏನು ಬೇಕು? ಹೆಣ್ಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲ ಸುದ್ದಿಗೂ ಟಿಕೆಟ್ ಇಲ್ಲ. ನಾ ನನ್ನ ಕಣ್ಣಾರೆ ನೋಡೇನಿ ಅದು ಹೆಂಗ ಬೆಳೀತಿತ್ತು ಅಂತ. ಇಳಕಲ್ಲಿನಾಗ ಹತ್ತಿದಾಕಿ, ಖಣ್ಯಾಗ ಒಬ್ರು ಅಜ್ಜಾರು ಅದಾರಂತ ಅಂತಿದ್ಲು. ಹುನಗುಂದ ಬರೂದ್ರಾಗ ಅವರು ಹಿಮಾಲಯದಿಂದ ಬಂದಿರ್ತಿದ್ರು. ಬಾಗಲಕೋಟ್ಯಾಗ ಮುನ್ನೂರು ವರ್ಷ ಆಗಿರ್ತಿತ್ತು. ಬಾದಾಮ್ಯಾಗ ಇಳಿಯೂ ಮುಂದ ಅದ ಹೆಂಗಸು ನನಗ ಹೇಳ್ತಿದ್ಲು, ಏನ್ರಿ ಕಂಡಕ್ಟರಬಾಯಿ, ಅವರು ಗಾಳ್ಯಾಗ ಮೊಳ ಎತ್ತರ ಕುಂಡ್ರತಾರಂತ, ನೀವು ಅದ ಕಡೆಯವರಲ್ಲೇನು? ನಾ ಸೀಟಿ ಊದಿ, ಇಳೀರಿ ಲಗೂನ ಅಂತಿದ್ದೆ. ನನ್ನ ಹಣಿ ಮ್ಯಾಲ ಮಾತ್ರ ಮೂರ ಬಟ್ಟ ವಿಭೂತಿ ಠಳಠಳ ಹೊಳೀತಿತ್ತು.

ಶ್ರಾವಣ ಹತ್ತೂದ್ರಾಗ ಖಣಿ ಮುಂದ ದಿನಾ ಹತ್ತಾರ ಮಂದಿ. ಮುಂಜಾನಿಂದ ಮಧ್ಯಾಹ್ನದ ತನಕ ಅಷ್ಟ, ಸಂಜಿಗೆ ಅಜ್ಜಾರ ಧ್ಯಾನ ಕೆಡ್ತೈತಿ ಅಂತ ನಮ್ಮತ್ತೀನ ಕಟ್ಟಳಿ ಮಾಡಿದ್ಲು. ಹೋಳಿಗಿ ಇಟ್ಟು ಬಂದ್ರ ಮುಂಜಾನೆ ಹೋಳಿಗಿ ಇಲ್ಲ. ಕಾಯಿ ಒಡದು ಇಟ್ರ ಕಾಯಿ ಹೋಗ್ಲಿ, ಚಿಪ್ಪು ಸೈತ ಇಲ್ಲ. ಚಿಪ್ಪು ಕಡದು ತಿನ್ನೂ ಹಲ್ಲು ಅಂದ್ರ ಎಂಥಾ ತಪಸ್ಸಿನ ಹಲ್ಲು ಇರಬೇಕು ಅಂತ ಮಂದಿ ಕೈ ಮುಗದ್ರು. ಒಬ್ಬ ಕುರುಬರ ಹಿರಿಯ, ವಯಸ್ಸಿಗೆ ನಮ್ಮತ್ತಿಗಿಂತ ಭಾಳ ಸಣ್ಣಾವ, ಬೀರಪ್ಪನ ಭಕ್ತ, ದೊಡ್ಡ ಕುರಿಹಿಂಡಿನವ, ತನ್ನ ಎರಡ ಶೇರಿನ ತೂಕದ ತೊಗಲ ಚಪ್ಪಲಿ, ಕಾಲ್ಮರಿ, ಅಲ್ಲೆ ಬಿಚ್ಚಿಟ್ಟು ಮರತ ಬಂದಿದ್ದ. ಮರುದಿನ ನೋಡಿದ್ರ ಬರೇ ಒಂದು ಬಾರು ಉಳದಿತ್ತು. ಅಜ್ಜಾರು ನನ್ನ ಕರ್ಮ ತಿಂದ್ರು ಅಂತ ಆ ಮನಿಷ್ಯಾ ಬಾರನ್ನ ಕಣ್ಣಿಗೆ ಒತ್ತಿಕೊಂಡ. ಜನ ಮರುಳೋ ಜಾತ್ರಿ ಮರುಳೋ.

ಒಂದಿನ ಡ್ಯೂಟಿ ಮುಗಿಸಿ ಮನಿಗೆ ಬಂದ್ರ, ಹಿತ್ತಾಳಿ ತಾಟು ಖಣ್ಯಾಗ ಬಿಟ್ಟ ಬಂದೇನಿ, ತಗೊಂಡ ಬಾ ಅಂತ ನಮ್ಮತ್ತಿ ನನ್ನ ಕಳಿಸಿದ್ಲು. ಹೊತ್ತು ಮುಳಗಾಕತ್ತಿತ್ತು. ಖಾಕಿ ಬಟ್ಟಿ ಸೈತ ಬದಲಿ ಮಾಡಿದ್ದಿಲ್ಲ, ಕೊರಳಾಗ ಸೀಟಿ. ಹಾಸಗಲ್ಲ ಮುಟ್ಟಿ ತಾಟಿಗೆ ಕೈ ಹಾಕ್ಬೇಕು, ಗವಿಯಿಂದ ಅಜ್ಜಾರು ಹೊರಗ ಬಂದ್ರು.

ನಾಕ ಕಾಲು ಇದ್ವು. ಮುಂದಿನ ಕಾಲು ಉದ್ದ, ಹಿಂದಿನವು ಗಿಡ್ಡ, ಬೆನ್ನು ಜಾರಬಂಡಿಯಂಗ ಇಳಜಾರು. ಬೂದಿ ಬಣ್ಣದ ಮೈತುಂಬ ಕರೇ ಪಟ್ಟಿ, ಕುತಗಿ ಕೆಳಗ ಮಸಿ ಬಳದಂಗ ಕಪ್ಪು, ತಲಿ ಮ್ಯಾಲ ಎರಡು ದೊಡ್ಡ ಚೂಪ ಕಿವಿ. ನನ್ನ ನೋಡಿದ್ದ ತಡ, ತಲಿಯಿಂದ ಬಾಲದ ತನಕ ಕೂದಲಾ ಎದ್ದ ನಿಂತು, ನಾಯಿಯಷ್ಟಿದ್ದದ್ದು ಕರುವಿನಷ್ಟ ಆತು. ಚೀರಬೇಕು ಅಂದ್ರ ದನಿ ಇಲ್ಲ. ಕೈ ತಾನ ಹೋಗಿ ಸೀಟಿ ಹಿಡೀತು. ಬಸ್ ಬಿಡಾಕ ಊದ್ತೀವಲ್ಲ, ಹಂಗ ಎರಡು ಸೀಟಿ ಊದಿದೆ. ಖರೆ ಹೇಳ್ತೇನಿ, ಅದು ಒಂದ ಗಳಗಿ ನನ್ನ ಮಾರಿ ನೋಡಿ, ಕುಂಟಿದಂಗ ಕಾಲು ಹಾಕ್ಕೊಂತ, ರೈಟ್ ಹೇಳಿದ ಬಸ್ಸಿನಂಗ ಜಾಲಿ ಕಡೆ ಹೊಂಟ ಹೋತು.

ಕತ್ತೆಕಿರುಬ. ನನ್ನ ತವರಮನಿ ಬಾದಾಮಿ ಗುಡ್ಡದ ಬುಡಕ್ಕ, ಸಣ್ಣಾಕಿ ಇದ್ದಾಗ ನಮ್ಮಪ್ಪ ಒಮ್ಮೆ ದೂರದಿಂದ ತೋರಿಸಿದ್ದ, ಆ ನಡಿಗಿ ಮರಿಯೂ ಹಂಗ ಇಲ್ಲ. ಮನಿಗೆ ಓಡಬೇಕು ಅನ್ನೂದ್ರಾಗ ಗವಿ ಬಾಯ್ಯಾಗ ಮತ್ತೇನೋ ಅಳ್ಳಾಡಿತು. ಎರಡು ಮರಿ. ಅವಕ್ಕೂ ತಾಯಿಯಂಗ ಪಟ್ಟಿ, ಮೈಗಿಂತ ಕಿವಿ ದೊಡ್ಡವು, ಮಾರಿ ಮುದುಕರ ಮಾರಿ. ಒಂದು ಆ ಕುರುಬರ ಹಿರಿಯನ ಕಾಲ್ಮರಿ ತುಂಡು ಕಚಗೊಂಡು ಎಳ್ಯಾಡಾಕತ್ತಿತ್ತು. ಇನ್ನೊಂದು ತುರುತುರು ಹಾಸಗಲ್ಲ ಮ್ಯಾಲ ಬಂತು, ಕುಂತು, ಬಾಲ ಎತ್ತಿ, ತನ್ನ ಕೆಲಸ ಮುಗಿಸಿ ಒಳಗ ಹೋತು.

ನಾ ಆ ಕಲ್ಲು ನೋಡಿದೆ. ಹಸೀದು, ಒಣಗಿದ್ದು, ಪೂರಾ ಬೆಳ್ಳಗಾದದ್ದು, ಸಾಲಾಗಿ ಬಿದ್ದಿದ್ವು. ನನ್ನ ಹಣಿ ಮುಟ್ಟಿ ನೋಡ್ಕೊಂಡೆ. ನಗಿ ಎಲ್ಲಿಂದ ಬಂತೋ ಗೊತ್ತಿಲ್ಲ, ಹೊಟ್ಟಿ ಹಿಡಕೊಂಡು ಅಲ್ಲೆ ಕುಂತುಬಿಟ್ಟೆ. ಎಷ್ಟ ದಿನ ನಾ ಇದನ್ನ ಬಡಕೊಂಡು ಬಸ್ಸಿನ ತುಂಬ ಓಡ್ಯಾಡೇನಿ. ನಮ್ಮ ಮನಿಯವರು ಹುನಗುಂದದ ಕೋರ್ಟಿನ್ಯಾಗ ಕಾರಕೂನ, ಇದನ್ನ ಹಚಗೊಂಡು ಸಾಹೇಬರ ಮುಂದ ಫೈಲು ಹಿಡದಾರ. ನೆನಸ್ಕೊಂಡಂಗ ಉಸಿರು ಸಿಗವಲ್ದು. ಕಣ್ಣಾಗ ನೀರು ಸುರದು ಹಣಿ ಮ್ಯಾಲಿಂದೆಲ್ಲ ಮಾರಿಗೆ ಇಳೀತು.

ಮೊಬೈಲಿನ್ಯಾಗ ಹುಡುಕಿ ಓದಿದೆ. ಈ ಪ್ರಾಣಿ ಎಲವು ತಿಂತೈತಿ, ಎಂಥಾ ಗಟ್ಟಿ ಎಲವೂ ಅದರ ದವಡಿಗೆ ಶೇಂಗಾ ಇದ್ದಂಗ. ಅದಕ್ಕ ಅದರ ಹೇಲು ಸುಣ್ಣದಂಗ ಬೆಳ್ಳಗ, ಮತ್ತ ದಿನಾ ಒಂದ ಜಾಗಾದಾಗ ಹೋಗೂದು ಅದರ ರೂಢಿ. ಕಿರುಬ ನಗ್ತೈತಿ ಅಂತೇವಲ್ಲ, ಅದೂ ಸುಳ್ಳಂತ, ನಗೂದು ಆಫ್ರಿಕಾದ ಚುಕ್ಕಿ ಕಿರುಬ. ನಮ್ಮದು ಪಟ್ಟಿಯದು, ಮೂಕ ಇದ್ದಂಗ. ಓದಿದ ಮ್ಯಾಲ ನನಗ ಹುಚ್ಚ ಹಿಡೀತು. ರಾತ್ರಿ ನಮ್ಮೂರಾಗ ತಂಗೂ ವಸ್ತಿ ಬಸ್ಸಿನ ಮೊದಲ ಟ್ರಿಪ್ ನಂದಿದ್ದಾಗೆಲ್ಲ, ಬಸ್ ಬಿಡೂಕಿಂತ ಮೊದಲ, ಮುಂಬೆಳಕಿನ್ಯಾಗ ಖಣಿ ಎದರಿನ ಕಲ್ಲಗುಡ್ಡಿ ಹತ್ತಿ ಕುಂಡ್ರತಿದ್ದೆ.

ಅದು ಬರತಿದ್ದದ್ದು ಒಂಟಿ. ಬೆಳಕು ಹರಿಯೂ ಮೊದಲ, ಬಾಯಾಗ ಸತ್ತ ಕುರಿದೋ ಎಮ್ಮಿದೋ ಕಾಲಿನ ಎಲವು ಕಚಗೊಂಡು, ನಿಂತು ನಿಂತು ಗಾಳಿ ಮೂಸಿ, ಒಂದು ಹುಲ್ಲಿನ ಕಡ್ಡಿಗೆ ಹಿಂಭಾಗ ತಿಕ್ಕಿ ಗುರ್ತಾ ಮಾಡಿ, ಆಮ್ಯಾಲೆ ಗವಿಗೆ. ಬ್ಯಾಟಿ ಆಡೂದು ನಾ ಒಂದಿನಾನೂ ಕಾಣಲಿಲ್ಲ. ಸತ್ತದ್ದು ತಿಂತಿತ್ತು, ಹುಳಾ ತಿಂತಿತ್ತು, ಬಿದ್ದ ಹಣ್ಣೂ ತಿಂತಿತ್ತು. ಒಂದಿನ ಊರ ನಾಯಿ ನಾಕು ಸುತ್ತ ಹಾಕಿ ಮುತ್ತಿದ್ವು. ಅದು ಕೂದಲಾ ಎಬ್ಬಿಸಿ ಹೆದರಿಸಿ ನೋಡಿತು, ಆಗಲಿಲ್ಲ. ತಟ್ಟನ ಬಿದ್ದು ಸತ್ತಂಗ ಮಲಗಿಬಿಡ್ತು. ನಾಯಿ ಮೂಸಿ ನೋಡಿ, ಎಳದು ನೋಡಿ, ಬ್ಯಾಸತ್ತು ಹೋದ್ವು. ಅವು ಹೋದ ಮ್ಯಾಲ ಒಂದ ಕಣ್ಣ ತಗದು ನೋಡಿ, ಎದ್ದು, ಮೈ ಝಾಡಿಸಿ, ಎಲವು ಹುಡುಕಿ ಕಚಗೊಂಡು ಮತ್ತ ಹೊಂಟಿತು. ನಾ ಕಲ್ಲಿನ ಹಿಂದ ಬಾಯಿಗೆ ಸೆರಗು ತುರಕ್ಕೊಂಡು ನಕ್ಕೆ. ಇಷ್ಟ ಅಂಜುಬುರುಕ ಪ್ರಾಣಿಗೆ ನಾವು ಇಷ್ಟ ಅಂಜತೇವಲ್ಲ ಅಂತ ಅದರ ಮ್ಯಾಲ ಮಾಯಾ ಮಮತಿ ಉಕ್ಕಿ ಬಂತು. ಮರಿ ಅಂತೂ ತಾಯಿ ಮುಖ ಕಂಡ ಕೂಡ್ಲೆ ಕಿವಿ ಹಿಂದ ಹಾಕಿ, ಹೊಟ್ಟಿ ಎಳಕೊಂತ ಹೋಗಿ ಅದರ ಗದ್ದಾ ನೆಕ್ಕತಿದ್ವು.

ಅತ್ತಿಗೆ ಹೇಳಬೇಕೋ ಬ್ಯಾಡೋ ಅಂತ ಭಾಳ ತೂಗಿ ನೋಡಿದೆ. ಹೇಳಲಿಲ್ಲಂದ್ರ ಮಂದಿ ಇವತ್ತಿಲ್ಲ ನಾಳೆ ಗವಿ ಹೊಕ್ಕು ಆ ಮರಿ ಜೀವಾ ತಗೀತಾರ. ಹೇಳಿದ್ರ ಅತ್ತಿ ಮರ್ಯಾದಿ ಮಣ್ಣಾಗ ಹೋಗ್ತೈತಿ, ಇಳಕಲ್ಲಿನಿಂದ ಬಾದಾಮಿ ತನಕ ನಗಿಪಾಟಲು. ಕಡೀಕ ಒಂದಿನ ಅಕಿ ರೊಟ್ಟಿ ಬಡಿಯೂ ಮುಂದ ಮೆಲ್ಲಕ ಹೇಳಿದೆ. ಅತ್ಯಾರ, ಆ ಗವ್ಯಾಗ ಇರೋದು ಅಜ್ಜಾರಲ್ರಿ, ಕಿರುಬ, ಎರಡು ಮರಿ ಹಾಕೈತಿ, ಆ ವಿಭೂತಿ ಅದರದು ಅಂತ ಅಂದೆ.

ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಆಮ್ಯಾಲೆ ಮೊದಲಿಗಿಂತ ಜೋರಾಗಿ ಸುರು ಆತು. ವಿಭೂತಿ ಆಕಳ ಸಗಣೀಲೆ ಮಾಡ್ತಾರ, ನಿಮ್ಮ ಸಾಲ್ಯಾಗ ಅದನ್ನ ಕಲಿಸಿಲ್ಲೇನು ಅಂದ್ಲು. ಹುಲಿ ಮ್ಯಾಲ ಕುಂತ ಶರಣರು ಇದ್ರಂತ, ಕಿರುಬದ ಮ್ಯಾಲ ಕುಂತವರು ಯಾಕ ಇರಬಾರದು ಅಂದ್ಲು. ಖಾಕಿ ಹಾಕ್ಕೊಂಡವರಿಗೆ ಎಲ್ಲಾರೂ ಟಿಕೆಟ್ ಇಲ್ಲದವರ ಕಾಣ್ತಾರ ಅಂದ್ಲು. ಆ ರೊಟ್ಟಿ ಅಷ್ಟ ತೆಳ್ಳಗ ಆಗಿತ್ತಲ್ಲ, ಅದರ ಆಚೆ ಕಡೆ ಅಕಿ ಮಾರಿ ಕಾಣ್ತಿತ್ತು. ಅವತ್ತಿನಿಂದ ನನ್ನ ಕೂಡ ಮಾತು ಬಿಟ್ಲು. ನೀರು ಬೇಕಂದ್ರೂ ಗ್ವಾಡಿಗೆ ಹೇಳ್ತಿದ್ಲು. ಆದ್ರ ಹಣೀಗೆ ಹಚ್ಚೂ ವಿಭೂತಿ ಮಾತ್ರ ಜಗಲಿ ಮ್ಯಾಲಿನ ಹಳೇ ಡಬ್ಬೀದು ಆತು. ಅದನ್ನ ನಾ ನೋಡಿದೆ, ನೋಡೇನಿ ಅಂತ ತೋರಿಸಲಿಲ್ಲ.

ಅಷ್ಟರಾಗ ಶ್ರಾವಣದ ಕಡೀ ಸೋಮವಾರ ಬಂತು. ಅಜ್ಜಾರ ದರ್ಶನ ಇಲ್ಲದ ಶ್ರಾವಣ ಮುಗಸೂದು ಹೆಂಗ ಅಂತ ಊರ ಮಂದಿ ಕೂಡಿ ಮಾತಾಡಿದ್ರು. ಗವಿ ಬಾಯಿ ಸಣ್ಣದು, ಮ್ಯಾಲಿನ ದಿಮ್ಮಿ ಎತ್ತಿಬಿಟ್ರ ಎಲ್ಲಾರಿಗೂ ಕಾಣ್ತೈತಿ ಅಂತ ಒಬ್ಬ ಅಂದ. ಇನ್ನೊಬ್ಬ, ನಂದ ಜೆಸಿಬಿ ಐತಿ, ಬಾಡಿಗಿ ಬ್ಯಾಡ, ಸೇವಾ ಅಂದ. ಆ ದಿಮ್ಮಿ ಒಂದು ಸರಿದ್ರ ಮ್ಯಾಲಿನವೆಲ್ಲ ಕುಸೀತಾವ, ಒಳಗಿನ ಮರಿ ಹಿಟ್ಟು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸೋಮವಾರ ಮಧ್ಯಾಹ್ನಕ್ಕ ಬಂದ ಬರ್ತೇವಿ, ಅಲ್ಲಿ ತನಕ ಮಂದೀನ ತಡೀರಿ ಅಂದ್ರು. ನಾ ಬಸ್ಸಿನ ಮಂದೀನ ತಡದೇನಿ, ದೇವರ ಮಂದೀನ ಹೆಂಗ ತಡೀಲಿ?

ಒಂದ ಉಪಾಯ ಹೊಳೀತು. ಸೋಮವಾರದ ಹಿಂದಿನ ದಿನ, ಮಾತು ಬಿಟ್ಟಿದ್ದ ಅತ್ತಿ ಮುಂದ ಹೋಗಿ ಕುಂತು, ಗ್ವಾಡಿಗೆ ಹೇಳಿದಂಗ ಹೇಳಿದೆ. ಅಜ್ಜಾರು ಕನಸಿನ್ಯಾಗ ಬಂದಿದ್ರು, ವರ್ಷ ತನಕ ಮೌನ ಹಿಡದೇನಿ, ಗವಿ ಮುಟ್ಟಿದವರಿಗೆ ಕೇಡು ಅಂತ ಹೇಳ್ಯಾರ ಅಂದ್ಬಿಡ್ರಿ. ಯಾರ ಮಾತೂ ಕೇಳದವರು ನಿಮ್ಮ ಮಾತು ಕೇಳ್ತಾರ. ಮರಿಯೂ ಉಳೀತಾವ, ನಿಮ್ಮ ಮಾತೂ ಉಳೀತೈತಿ ಅಂದೆ. ಅಕಿ ಬತ್ತಿ ಹೊಸಿಯೂದು ಬಿಡಲಿಲ್ಲ.

ಸೋಮವಾರ ನಾ ರಜಾ ಹಾಕಿದೆ. ಹೊತ್ತು ಏರೂದ್ರಾಗ ಖಣಿ ತುಂಬಿ ಹೋತು. ಹುನಗುಂದದ ಬಸ್ಸು ಖಾಲಿ ಆಗಿ ಅಲ್ಲೇ ಇಳದಂಗ ಆಗಿತ್ತು. ಜೆಸಿಬಿಗೆ ಚಂಡಹೂವಿನ ಮಾಲಿ ಹಾಕಿ, ಗಾಲಿ ಕೆಳಗ ನಿಂಬಿಹಣ್ಣು ಇಟ್ಟಿದ್ರು. ಡೊಳ್ಳಿನವರು ಬಂದಿದ್ರು. ನಮ್ಮ ಮನಿಯವರು ಕಾಯಿ ಬುಟ್ಟಿ ಹಿಡಕೊಂಡು ನಿಂತಿದ್ರು, ಮನಿಷ್ಯಾಗ ಇನ್ನೂ ಏನೂ ಗೊತ್ತಿದ್ದಿಲ್ಲ, ಪಾಪ. ಜೆಸಿಬಿ ಗುರ್ ಅಂತು. ನಮ್ಮತ್ತಿ ಇಳಕಲ್ ಸೀರಿ ಸೆರಗು ತಲಿ ಮ್ಯಾಲ ಎಳಕೊಂಡು, ಮಂದಿ ನಡುವ ದಾರಿ ಮಾಡ್ಕೊಂಡು ಹೋಗಿ ಗವಿ ಬಾಗಲಿಗೆ ಅಡ್ಡ ಕುಂತ್ಲು. ಬಾಣಂತಿ ಖೋಲಿ ಮುಂದ ಕುಂಡ್ರತಾಳಲ್ಲ, ಹಂಗ, ಒಂದ ಕಾಲು ಮಡಚಿ, ಒಂದ ಕಾಲು ಚಾಚಿ.

ಈಗ ಕನಸು ಹೇಳ್ತಾಳ ಅಂತ ನಾ ಉಸಿರು ಹಿಡದೆ.

"ಒಳಗ ಅಜ್ಜಾರಿಲ್ಲ" ಅಂದ್ಲು. "ಬಾಣಂತಿ ಅದಾಳ. ಕಿರುಬ. ಎರಡು ಮರಿ ಹಡದಾಳ. ನೀವು ವಿಭೂತಿ ಅಂತ ಹಚ್ಚಿಕೊಂಡದ್ದು ಅಕಿ ಹೇಲು. ಮೊದಲ ಹಚಗೊಂಡಾಕಿ ನಾನ."

ಡೊಳ್ಳು ನಿಂತ್ವು. ಜೆಸಿಬಿಯವ ಬಂದ್ ಮಾಡಿದ. ನಾ ನಮ್ಮತ್ತಿ ಮಾರಿ ನೋಡಿದೆ. ಲಗ್ನ ಆದಾಗಿಂದ ಅಕಿ ಒಮ್ಮೆರ ಸೋಲೂದನ್ನ ನೋಡಬೇಕು ಅಂತ ಕಾಯ್ದಾಕಿ ನಾನು. ಆ ಗಳಿಗಿ ಬಂದಾಗ ನನಗ ಅಳು ಬಂತು.

ಅಷ್ಟರಾಗ ಆ ಕುರುಬರ ಹಿರಿಯಗ ಸಿಟ್ಟು ನೆತ್ತಿಗೇರಿತು. ಕಿರುಬ ಅಂದ್ರ ಕುರಿಮರಿಗೆ ಯಮ, ಮೆಣಸಿನಕಾಯಿ ಹೊಗಿ ಹಾಕಿ ಹೊರಗ ಎಳದು ಬಡೀರಿ ಅಂದ. ಹುಡುಗರು ನಾಕ ಮಂದಿ ಕಲ್ಲು ಎತ್ತಿದ್ರು. ನಮ್ಮತ್ತಿ ಕುಂತಲ್ಲಿಂದ ಏಳಲಿಲ್ಲ.

"ನೀ ಹುಟ್ಟಿದಾಗ ನಿನಗ ಎರದಾಕಿ ನಾನ" ಅಂದ್ಲು ಅವಗ. "ಈ ಮರಿಗಿಂತ ಕುರೂಪ ಇದ್ದಿ. ಮೈತುಂಬ ಕೂದಲಾ, ಕಿವಿ ಇಷ್ಟಿಷ್ಟು. ನಾವು ಮೆಣಸಿನಕಾಯಿ ಹೊಗಿ ಹಾಕಿದ್ವೇನು? ಲೋಬಾನ ಹಾಕಿದ್ವಿ."

ಯಾರೋ ಹಿಂದ ಒಬ್ಬಾಕಿ ಕಿಸಕ್ಕಂದ್ಲು. ನಮ್ಮತ್ತಿಗೆ ಅಷ್ಟ ಸಾಕಾತು. ಕಲ್ಲು ಹಿಡದ ಒಬ್ಬೊಬ್ಬನ್ನ ನೋಡಿ ಸುರು ಹಚ್ಚಿದ್ಲು. ಇವ ಎರಡ ವರ್ಷ ತನಕ ಹೇತಲ್ಲೆ ಆಡಾವ. ಇವ ಎರೀಬೇಕಾದ್ರ ನನ್ನ ಮಾರಿಗೆ ಉಚ್ಚಿ ಹಾರಿಸಿದವ, ಅದೂ ತೀರ್ಥ ಅಂತ ತಿಳಕೊಂಡಿದ್ದೆ, ನನಗ ಮೊದಲಿಂದ ಗೊತ್ತಾಗೂದು ಕಡಿಮಿ ಅಂದ್ಲು. ಹೆಂಗಸರು ಸೆರಗು ಬಾಯಿಗೆ ಹಿಡದ್ರು. ಆಮ್ಯಾಲೆ ಸೆರಗಿನಾಗ ನಿಲ್ಲಲಿಲ್ಲ. ಒಬ್ಬಾಕಿ, ನಾ ಅದನ್ನ ಅಂಗಾರದ ಪ್ರಸಾದ ಅಂತ ನಾಲಿಗಿಗೆ ಹಚ್ಚಿಕೊಂಡಿದ್ದೆ ಯವ್ವಾ ಅಂತ ಕುಸದ ಕುಂತ್ಲು. ನಮ್ಮ ಮನಿಯವರು ಹಣಿ ಮುಟ್ಟಿಕೊಂಡು, ಬೆರಳು ನೋಡಿ, ಕಾಯಿ ಬುಟ್ಟಿ ಕೆಳಗ ಬಿಟ್ರು. ನಗಿ ಖಣಿ ಗ್ವಾಡಿಗೆ ಬಡದು ಬಡದು ಎರಡರಷ್ಟ ಆಗಿ ತಿರುಗಿ ಬರ್ತಿತ್ತು. ಕಲ್ಲು ಹಿಡದ ಹುಡುಗರೂ ಹೊಟ್ಟಿ ಹಿಡಕೋಬೇಕಂದ್ರ ಕಲ್ಲು ಬಿಡಬೇಕಾತು. ಕಡೀಕ ಆ ಹಿರಿಯನೂ ನಕ್ಕ, ನನ್ನ ಕಾಲ್ಮರಿ ತಿಂದಾಳಲ್ಲ ನಿನ್ನ ಬಾಣಂತಿ ಅಂತ ಬೈಕೊಂತ ನಕ್ಕ.

ನಗಿ ಇಳದ ಮ್ಯಾಲ ಅಕಿ ಮೆಲ್ಲಕ ಹೇಳಿದ್ಲು. ಸೊಸಿ ಹೇಳಿದ ಮರುದಿನ ತಾ ಒಬ್ಬಾಕೀನ ಬಂದು, ಎದರಿನ ಕಲ್ಲಿನ ಹಿಂದ ಕುಂತು ಹೊತ್ತು ಮುಳುಗೂ ತನಕ ನೋಡಿದ್ಲಂತ. ತಾಯಿ ಬಿಸಲಿಗೆ ಒಂದ ಮಗ್ಗಲಾಗಿ ಮಲಗಿ ಮೊಲಿ ಕೊಟ್ಲು, ಎಲವು ಎದ್ದು ಕಾಣ್ತಾವ, ತಾ ಉಪಾಸ ಇದ್ದು ಕೂಸಿಗೆ ಉಣಸಾಕತ್ತಾಳ ಅಂದ್ಲು. ನಿಮ್ಮ ಹಿಂಡಿನ್ಯಾಗ ಸತ್ತದ್ದನ್ನ ಅಷ್ಟ ಅಕಿ ಒಯ್ದಾಳ, ಜೀವಂತ ಮರಿ ಒಯ್ದದ್ದು ಯಾರರ ಕಣ್ಣಾರೆ ಕಂಡೀರೇನು ಅಂತ ಹಿರಿಯನ್ನ ಕೇಳಿದ್ಲು.

"ಮರಿ ಓಡ್ಯಾಡೂ ತನಕ ಇದು ಬಾಣಂತಿ ಖೋಲಿ" ಅಂದ್ಲು. "ಗಂಡಸರು ಯಾರೂ ಈ ಕಡೆ ಹಾಯಬಾರದು."

ಆ ಮಾತಿಗೆ ನಮ್ಮೂರಾಗ ಎದರ ಮಾತಿಲ್ಲ. ಮೊದಲ ಜೆಸಿಬಿ ಹಿಂದ ಸರೀತು, ಅದರ ಹಿಂದ ಡೊಳ್ಳು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂದಾಗ ಖಣ್ಯಾಗ ಚಂಡಹೂವು ಬಿಟ್ರ ಏನೂ ಇದ್ದಿಲ್ಲ. ಅವರು ಒಂದು ಬೋರ್ಡ್ ಹಾಕಿ, ಯಾರೂ ಹೋಗಬ್ಯಾಡ್ರಿ ಅಂತ ಹೇಳಿ ಹೋದ್ರು. ಹೇಳೂ ಗರಜೇನ ಇದ್ದಿಲ್ಲ.

ಮನಿಗೆ ಬರೂ ಮುಂದ ದಾರ್ಯಾಗ ನಾ ಕೇಳಿದೆ, ಅಷ್ಟ ಚಂದ ಕನಸು ಕಲಿಸಿದ್ದೆ, ಅದನ್ನ ಯಾಕ ಹೇಳಲಿಲ್ರಿ ಅತ್ಯಾರ ಅಂತ. ಅಕಿ ಬಗ್ಗಿ ಕಾಲಾಗಿನ ಜಾಲಿ ಮುಳ್ಳು ಕಿತ್ತಿದ್ಲು.

"ಸುಳ್ಳು ಹೇಳಿದ್ರ ಅಜ್ಜಾರು ಇನ್ನೂ ಒಳಗ ಇರ್ತಿದ್ರವಾ. ಅವರ ಸಲುವಾಗಿ ಮಂದಿ ಮತ್ತ ಬರ್ತಿದ್ರು. ಮಂದಿ ನಕ್ರ ನಾ ಏನು ಸಾಯ್ತೇನಿ? ಅವು ಸಾಯ್ತಿದ್ವು."

ಮಂದಿ ನಕ್ಕರು ಖರೆ, ತಿಂಗಳಗಟ್ಟಲೆ ನಕ್ಕರು. ಹಿಟ್ಟಿನ ಗಿರಣ್ಯಾಗ ನಕ್ಕರು, ಸಂತ್ಯಾಗ ನಕ್ಕರು. ಬಸ್ಸಿನ್ಯಾಗ ಯಾರೋ ಬಾಗಲಕೋಟಿಯಾಕಿ, ಹೇಲು ಹಚಗೊಂಡ ಮುದುಕಿ ಸೊಸಿ ಹೆಂಗ ಮಾರಿ ತೋರಸ್ತಾಳೋ ಏನೋ ಅಂತ ಲೊಚಗುಟ್ಟಿದ್ಲು. ಆ ಸೊಸಿ ನಾನ, ಚಂದಂಗ ನೋಡ್ಕೋರಿ, ಇಂಥಾ ಅತ್ತಿ ನಿಮಗ ಸಿಗೂದಿಲ್ಲ ಅಂತ ಇಡೀ ಬಸ್ಸಿಗೆ ಕೇಳೂವಂಗ ಹೇಳಿದೆ.

ಮಳಿ ಮುಗದು ಚಳಿ ಬೀಳೂ ಹೊತ್ತಿಗೆ ಒಂದು ಮುಂಜಾನೆ ಅತ್ತೀನ ಕೈ ಹಿಡದು ಆ ಕಲ್ಲಗುಡ್ಡಿ ಹತ್ತಿಸಿದೆ. ಮರಿ ಎರಡೂ ದೊಡ್ಡವಾಗಿದ್ವು. ಹಾಸಗಲ್ಲ ಮ್ಯಾಲ ಒಂದರ ಬಾಲ ಒಂದು ಕಚಗೊಂಡು ಬಿದ್ದು ಎದ್ದು ಆಡಾಕತ್ತಿದ್ವು. ತಾಯಿ ಬಾಗಲದಾಗ ಕುಂತು ಮಾರಿ ನೆಕ್ಕೋತಿತ್ತು. ನಮ್ಮತ್ತಿ ಎರಡೂ ಕೈ ಅವುಗಳ ಕಡೆ ಚಾಚಿ, ಬೆರಳು ತನ್ನ ಕಪಾಳಕ್ಕ ಒತ್ತಿ, ನನ್ನ ದೃಷ್ಟೀನ ತಾಕೀತು ಅಂತ ಲಟಲಟ ಲಟಿಗಿ ಮುರದ್ಲು. ಆ ಸಪ್ಪಳಕ್ಕ ಮರಿ ಎರಡೂ ಬೆಚ್ಚಿ, ಬಿದ್ದಂಗ ಓಡಿ ಗವಿ ಹೊಕ್ಕುವು.

"ಹಾಂ, ಹಂಗ ಓಡ್ರಿ" ಅಂದ್ಲು. "ಮನಿಷ್ಯಾರ ಸಪ್ಪಳ ಕೇಳಿದ್ರ ಹಂಗ ಓಡಬೇಕು."